ಫ್ರೀಮೇಸನ್ನರು: ಗುಟ್ಟು ಬಯಲಾದ ಮೇಲೆ



ಸೌತ್‌ಹಾಲ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಟಾಟೆನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿಳಿದು ಕೊಂಚ ದೂರ ನಡೆದರೆ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ಫ್ರೀಮೇಸನ್ಸ್ ಹಾಲ್ ಎಂಬ ಭವ್ಯಸೌಧವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಸದಸ್ಯರ ಸ್ಮಾರಕವಾಗಿ ಅದನ್ನು 1927ರಿಂದ 1933ರ ಅವಧಿಯಲ್ಲಿ ಕಟ್ಟಿದರು. ಗೂಢಸಂಘವೆಂದೇ ಹೆಸರಾದ ಈ ಭ್ರಾತೃಸಂಘದ ಚರಿತ್ರೆಯು, ಚದುರಿಹೋದ ಜನರು ಪರಸ್ಪರ ಸಂಪರ್ಕವನ್ನು ಉಳಿಸಿಕೊಂಡ ಬಗೆಯ ಚರಿತ್ರೆಯೂ ಹೌದು. ಪರನಾಡಿನಲ್ಲಿ ಸಂಘ ಕಟ್ಟಿಕೊಂಡ ನಮಗೆ ಅದು ಹೊರಗಿನ ವಿಷಯವಲ್ಲ.

1717ರ ಜೂನ್ 24ರಂದು ಸೇಂಟ್ ಪಾಲ್ ದೇವಾಲಯದ ಬಳಿಯ ಪಾನಗೃಹದಲ್ಲಿ ನಾಲ್ಕು ಲಾಡ್ಜುಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿದವೆಂಬುದು ಸಾಂಪ್ರದಾಯಿಕ ನಿರೂಪಣೆ. ಕಲ್ಲುಕುಟಿಗರಿಂದ ಬಂದವೆನ್ನಲಾದ ಗುಪ್ತಪದ, ಸಂಕೇತ, ಹಸ್ತಲಾಘವಗಳು ಅಪರಿಚಿತ ಊರಿನಲ್ಲಿ ಸದಸ್ಯನ ಗುರುತಿನ ಚೀಟಿಯಾಗಿದ್ದವು. ಗ್ರ್ಯಾಂಡ್ ಲಾಡ್ಜಿನ ತ್ರೈಮಾಸಿಕ ಸಭೆಗೆ ಅವರು ಇಟ್ಟ ಹೆಸರು ‘ಕ್ವಾರ್ಟರ್ಲಿ ಕಮ್ಯುನಿಕೇಷನ್’. ಅವರ ಪಾಲಿಗೆ ಸಂಪರ್ಕವೆಂದರೆ ಸುದ್ದಿ ಕಳಿಸುವುದಷ್ಟೇ ಅಲ್ಲ, ಮುಖಾಮುಖಿಯಾಗಿ ಕೂಡುವುದು.

ಗುಟ್ಟು ಇದ್ದಲ್ಲಿ ಶಂಕೆಯೂ ಇರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಲ್ಲಿ ದೊರೆತ ಕಾಗದಗಳಲ್ಲಿ ಫ್ರೆಂಚರ ಜಾಕೋಬಿನ್ ಸಂಘದ ನಡಾವಳಿಗಳಿವೆಯೆಂದು ಕಂಪನಿ ಸರ್ಕಾರವು ಅವನ್ನು ಅಚ್ಚುಹಾಕಿಸಿತು. ಅದೇ ಜುಲೈನಲ್ಲಿ, ಅದೇ ಕ್ರಾಂತಿಭಯದಿಂದ, ಬ್ರಿಟಿಷ್ ಪಾರ್ಲಿಮೆಂಟು ರಹಸ್ಯ ಪ್ರತಿಜ್ಞೆಯ ಸಂಘಗಳನ್ನು ನಿಷೇಧಿಸಿತು. ಫ್ರೀಮೇಸನ್ನರಿಗೆ ವಿನಾಯಿತಿ ದೊರೆಯಿತಾದರೂ ಪ್ರತಿವರ್ಷ ಸದಸ್ಯರ ಪಟ್ಟಿಯನ್ನು ಅಧಿಕಾರಿಗಳಿಗೆ ಒಪ್ಪಿಸಬೇಕಾಯಿತು. ಆ ಕಾಯಿದೆ ರದ್ದಾದದ್ದು 1967ರಲ್ಲಿ.

ಭಾರತಕ್ಕೆ ಈ ಸಂಘ ಕಂಪನಿಯ ನೌಕರರೊಡನೆಯೂ ಸೈನ್ಯದ ಸಂಚಾರಿ ಲಾಡ್ಜುಗಳೊಡನೆಯೂ ಬಂದಿತು. 1730ರ ವೇಳೆಗೆ ಕಲ್ಕತ್ತೆಯಲ್ಲಿ ಲಾಡ್ಜಿತ್ತು. ಮನುಷ್ಯರೆಲ್ಲ ಸಹೋದರರೆಂಬ ಘೋಷಣೆಯ ಸತ್ಯಪರೀಕ್ಷೆ ನಡೆದದ್ದೂ ಅಲ್ಲಿಯೇ. ಪ್ರಸನ್ನಕುಮಾರ ದತ್ತರೆಂಬ ಹಿಂದೂ ವ್ಯಾಪಾರಿ 1863ರಲ್ಲಿ ಸದಸ್ಯತ್ವ ಬೇಡಿದಾಗ, ಬಹುದೇವತಾರಾಧಕನು ಏಕೈಕ ಸೃಷ್ಟಿಕರ್ತನನ್ನು ನಂಬುವವನೆ, ಜಾತಿಯನ್ನು ಬಿಡದವನು ಸಹೋದರನಾದಾನೆ ಎಂಬ ತಕರಾರುಗಳೆದ್ದವು. ದತ್ತರು ಹಿಂಜರಿಯಲಿಲ್ಲ. ಅಹವಾಲು ಲಂಡನ್ನಿನವರೆಗೆ ಹೋಯಿತು. 1872ರಲ್ಲಿ ಆ್ಯಂಕರ್ ಆ್ಯಂಡ್ ಹೋಪ್ ಲಾಡ್ಜ್ ಅವರಿಗೆ ದೀಕ್ಷೆಯಿತ್ತಿತು. 1884ರಲ್ಲಿ ಅದೇ ಲಾಡ್ಜಿಗೆ ಸೇರಿದ ಯುವಕ ನರೇಂದ್ರನಾಥ ದತ್ತರನ್ನು ಲೋಕ ಮುಂದೆ ಸ್ವಾಮಿ ವಿವೇಕಾನಂದರೆಂದು ಕರೆಯಿತು. 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ವತಂತ್ರವಾಗಿ ಸ್ಥಾಪಿತವಾಯಿತು. ಪೀಠಗಳ ಮೇಲೆ ಗೀತೆ, ಕುರಾನ್, ಬೈಬಲ್, ಗ್ರಂಥಸಾಹಿಬ್‌ಗಳು ಜೊತೆಜೊತೆಗೆ ಕಾಣಿಸಿಕೊಂಡವು.

ಈಗ ಅಂತರಜಾಲದ ಯುಗ. ಒಂದು ಕಾಲಕ್ಕೆ ಪ್ರಾಣಕ್ಕಿಂತ ಮಿಗಿಲೆಂದು ಕಾಯ್ದ ಸಂಕೇತಗಳನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. 1751ರಿಂದ 1921ರವರೆಗಿನ ಇಂಗ್ಲಿಷ್ ಲಾಡ್ಜುಗಳ ಸದಸ್ಯರ ದಾಖಲೆಗಳು 2015ರಲ್ಲಿ ಜಾಲಕ್ಕೆ ಬಂದವು. ಸಭಾಸೂಚನೆಗಳು ಮಿಂಚಂಚೆಯಲ್ಲೂ ಹೋಗುತ್ತವೆ. ಆದರೂ 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದಾಗಿ ಲಾಡ್ಜುಗಳು ಮುಚ್ಚಿದಾಗ, ಸದಸ್ಯರು ಪರದೆಯ ಮೇಲೆ ಕ್ಷೇಮಸಮಾಚಾರ ಮಾತಾಡಿಕೊಂಡರೇ ಹೊರತು ದೀಕ್ಷೆಯನ್ನು ಪರದೆಯ ಮೂಲಕ ನೀಡಲಿಲ್ಲ. ಗುಟ್ಟು ಬಯಲಾಗಿತ್ತು, ಆದರೆ ದೀಕ್ಷೆಗೆ ಮುಖಾಮುಖಿಯ ಸಾನ್ನಿಧ್ಯ ಬೇಕೆಂಬ ನಿಯಮ ಮಾತ್ರ ಸಡಿಲವಾಗಲಿಲ್ಲ.

ಸಾನ್ನಿಧ್ಯದಿಂದ ಹುಟ್ಟಿದ ನಂಬಿಕೆ ಒಳಗಿನವರಿಗೆ ಆಸರೆಯಾದೀತು. ಹೊರಗಿನವರಿಗೆ ಅದು ಪಕ್ಷಪಾತದ ಬಾಗಿಲಾಗಿಯೂ ತೋರೀತು. 1799ರಲ್ಲಿ ಸರ್ಕಾರ ಪಟ್ಟಿ ಕೇಳಿದ್ದು ಕ್ರಾಂತಿಯ ಅನುಮಾನದಿಂದ. ದತ್ತರು ಬಾಗಿಲಲ್ಲಿ ಒಂಬತ್ತು ವರ್ಷ ಕಾದದ್ದು ಅದರ ಇನ್ನೊಂದು ಮುಖ. ಯಾವ ಸಂಘವನ್ನಾದರೂ ಅಳೆಯಬೇಕಾದದ್ದು ಅದರ ಗುಟ್ಟಿನಿಂದಲ್ಲ, ಹೊಸಬನಿಗೆ ಅದು ತೆರೆಯುವ ಬಾಗಿಲಿನಿಂದ. ನಮ್ಮ ಕನ್ನಡ ಕೂಟಗಳಿಗೂ ಈ ಮಾತು ಅನ್ವಯಿಸುತ್ತದೆಂದು ವಿನಮ್ರವಾಗಿ ಅರಿಕೆ ಮಾಡಿಕೊಂಡು ಉಪನ್ಯಾಸವನ್ನು ಮುಗಿಸುತ್ತೇನೆ.