ಕಡಿಮೆ ಕಿ.ಮೀ. ಓಡಿರುವ ಹಳೆಯ ಪಿಕ್‌ಅಪ್ ವಾಹನಗಳ ಖರೀದಿ ಮತ್ತು ನಿರ್ವಹಣೆ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಗೊನೆ, ಗೊಬ್ಬರ, ಹುಲ್ಲು ಮುಂತಾದವುಗಳ ಸಾಗಣೆಗೆ ಪಿಕ್‌ಅಪ್ ವಾಹನಗಳು ಬಳಕೆಯಲ್ಲಿವೆ. ಹೊಸ ವಾಹನದ ಬೆಲೆಯನ್ನು ಭರಿಸಲಾಗದ ಕೃಷಿಕರು ಹಾಗೂ ಸಣ್ಣ ವ್ಯಾಪಾರಿಗಳು ಹಳೆಯ ವಾಹನಗಳನ್ನು ಖರೀದಿಸುವುದು ಸಾಮಾನ್ಯವಾಗಿದೆ. ಇಂತಹ ಸಂದರ್ಭಗಳಲ್ಲಿ "ಹೆಚ್ಚು ಓಡಿಲ್ಲ" ಎಂಬ ಒಂದೇ ಮಾತಿನ ಆಧಾರದ ಮೇಲೆ ಹೆಚ್ಚಿನ ಬೆಲೆ ತೆರುವುದು ಸೂಕ್ತವಲ್ಲ. ಮಲೆನಾಡಿನಲ್ಲಿ ಕಡಿಮೆ ಓಡಿದ ವಾಹನವು ಕಡಿಮೆ ಸವೆದ ವಾಹನವೇ ಆಗಿರಬೇಕೆಂದಿಲ್ಲ. ಈ ಕುರಿತು ಗಮನಿಸಬೇಕಾದ ಅಂಶಗಳನ್ನು ಕೆಳಗೆ ನೀಡಲಾಗಿದೆ.

1. ಮೀಟರ್ ಅಂಕಿಯ ಪರಿಶೀಲನೆ

ಮೀಟರಿನಲ್ಲಿರುವ ಅಂಕಿಯನ್ನು ವಾಹನದ ವಯಸ್ಸು ಮತ್ತು ಬಳಕೆಯೊಂದಿಗೆ ತಾಳೆ ಮಾಡಿ ನೋಡತಕ್ಕದ್ದು. ಉದಾಹರಣೆಗೆ, ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿಬರಲು 60 ಕಿ.ಮೀ. ಎಂದಿಟ್ಟುಕೊಂಡರೆ ವರ್ಷಕ್ಕೆ 3,120 ಕಿ.ಮೀ., 7 ವರ್ಷಗಳಿಗೆ 21,840 ಕಿ.ಮೀ. ಆಗುತ್ತದೆ. ತೋಟದ ಸ್ವಂತ ಕೆಲಸಕ್ಕೆ ಮಾತ್ರ ಬಳಸಿದ ವಾಹನಕ್ಕೆ ಈ ಅಂಕಿ ಸಹಜವಾದುದು. ಬಾಡಿಗೆಗೆ ಓಡಿದ ವಾಹನದಲ್ಲಿ ಇದೇ ಅಂಕಿ ಕಂಡುಬಂದಲ್ಲಿ ಮೀಟರ್ ತಿದ್ದಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆಯನ್ನು ನೀಡಿ ಹಿಂದಿನ ಸರ್ವೀಸ್ ದಾಖಲೆಗಳನ್ನು ಕೇಳಬಹುದು. ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ರಬ್ಬರ್, ಸ್ಟೇರಿಂಗ್ ಹಾಗೂ ಚಾಲಕರ ಆಸನದ ಸವೆತವೂ ಬಳಕೆಯ ಪ್ರಮಾಣವನ್ನು ಸೂಚಿಸುತ್ತವೆ.

2. ಮಳೆ, ತುಕ್ಕು ಮತ್ತು ಘಟ್ಟದ ರಸ್ತೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕವಾಗಿದೆ. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಭಾಗಗಳಲ್ಲಿಯೂ ಭಾರೀ ಮಳೆಯಾಗುತ್ತದೆ. ಮಳೆಗಾಲವಿಡೀ ತೇವದಲ್ಲಿ ನಿಂತ ವಾಹನವು ಓಡದೆಯೂ ತುಕ್ಕು ಹಿಡಿಯುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ ಹಾಗೂ ಪೊಟ್ಯಾಷ್ ಗೊಬ್ಬರ ಚೆಲ್ಲಿದ ಜಾಗದಲ್ಲಿ ತುಕ್ಕು ಮತ್ತಷ್ಟು ಬೇಗ ಹರಡುತ್ತದೆ. ಆದುದರಿಂದ ವಾಹನವನ್ನು ಎತ್ತರದ ಜಾಗದಲ್ಲಿ ನಿಲ್ಲಿಸಿ ಚಾಸಿ, ಸ್ಪ್ರಿಂಗ್ ಪ್ಲೇಟು, ಬ್ರೇಕ್ ಪೈಪು ಮತ್ತು ಸಾಮಾನು ತುಂಬುವ ಭಾಗದ ತಳವನ್ನು ಕೆಳಗಿನಿಂದ ನೋಡುವುದು ಅವಶ್ಯ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದಲ್ಲಿ ಅದರಡಿಯ ಲೋಹವನ್ನು ತಟ್ಟಿ ಪರೀಕ್ಷಿಸಬೇಕು.

ಆಗುಂಬೆ ಮತ್ತು ಹುಲಿಕಲ್ ಘಟ್ಟಗಳಲ್ಲಿ ಭಾರ ಹೊತ್ತು ಸಂಚರಿಸಿದ ವಾಹನದ ಕ್ಲಚ್ ಹಾಗೂ ಬ್ರೇಕ್ ಕಡಿಮೆ ಕಿ.ಮೀ.ಗೇ ಸವೆದಿರಬಹುದು. ಏರಿನಲ್ಲಿ ಎಂಜಿನ್ ಶಬ್ದ ಹೆಚ್ಚಿದರೂ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ (2319 ಎಂದರೆ 2019ರ 23ನೇ ವಾರ). ಹೂವು ಸವೆಯದಿದ್ದರೂ ರಬ್ಬರ್ ಬಿರುಕು ಬಿಟ್ಟ ಟೈರು ಸುರಕ್ಷಿತವಲ್ಲ.

3. ದಾಖಲೆಗಳ ಪರಿಶೀಲನೆ

ಅ) ನೋಂದಣಿ ಪತ್ರದಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ಹೊಂದಬೇಕು.

ಆ) ಸರಕು ವಾಹನಗಳ ಅರ್ಹತಾ ಪತ್ರವನ್ನು (ಎಫ್.ಸಿ.) 8 ವರ್ಷಗಳವರೆಗೆ 2 ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸಬೇಕು. ಅರ್ಹತಾ ಪತ್ರವಿಲ್ಲದ ವಾಹನವು ಮೋಟಾರು ವಾಹನ ಅಧಿನಿಯಮ, 1988ರ ಕಲಂ 56ರ ಮೇರೆಗೆ ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿತವಾಗುವುದಿಲ್ಲ.

ಇ) ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಗಳಿಗೆ ಕಲಂ 66ರಡಿ ರಹದಾರಿಯಿಂದ ವಿನಾಯಿತಿ ಇದೆ. ಕೆಲವು ಪಿಕ್‌ಅಪ್ ಮಾದರಿಗಳು ಈ ಮಿತಿಯನ್ನು ಮೀರುವುದರಿಂದ ನೋಂದಣಿ ಪತ್ರದಲ್ಲಿನ ತೂಕವನ್ನು ನೋಡಬೇಕು.

ಈ) ಸಾಲ ನಮೂದಾಗಿದ್ದಲ್ಲಿ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಪಡೆದ ನಂತರವೇ ಪೂರ್ಣ ಹಣ ಪಾವತಿಸುವುದು ಕ್ಷೇಮಕರ.

ಉ) ತೆರಿಗೆ, ವಿಮೆ, ಹೊಗೆ ತಪಾಸಣಾ ಪತ್ರ ಹಾಗೂ ಬಾಕಿ ದಂಡಗಳನ್ನು ಪರಿಶೀಲಿಸಬೇಕು. ವರ್ತಕರಿಂದ ಖರೀದಿಸುವುದಾದಲ್ಲಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅವರು ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರ ಹೊಂದಿರಬೇಕು.

4. ಹೆಸರು ವರ್ಗಾವಣೆ

ಪರಿಚಯಸ್ಥರ ನಡುವಿನ ವ್ಯವಹಾರದಲ್ಲಿ ಹಣ ಮತ್ತು ಕೀಲಿ ಕೈ ಬದಲಾದ ಬಳಿಕ ಹೆಸರು ವರ್ಗಾವಣೆಯನ್ನು ಮುಂದೂಡುವುದು ಕಂಡುಬರುತ್ತದೆ. ಇದು ಉಭಯತರಿಗೂ ಅಪಾಯಕಾರಿ. ಕಲಂ 50ರ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಾಟಗಾರರು 14 ದಿನಗಳೊಳಗೆ ನಮೂನೆ 29ರಲ್ಲಿಯೂ, ಖರೀದಿದಾರರು 30 ದಿನಗಳೊಳಗೆ ನಮೂನೆ 30ರಲ್ಲಿಯೂ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಶಿವಮೊಗ್ಗ (ಕೆಎ-14) ಮತ್ತು ಸಾಗರ (ಕೆಎ-15) ಕಚೇರಿಗಳ ಪೈಕಿ ಖರೀದಿದಾರರ ವಾಸಸ್ಥಳಕ್ಕೆ ಸಂಬಂಧಿಸಿದ ಕಚೇರಿಯನ್ನು ಸಂಪರ್ಕಿಸಬೇಕು. ವಿಮಾ ಪತ್ರದಲ್ಲಿ ಹೆಸರು ಬದಲಾವಣೆಗೆ ಕಲಂ 157ರಡಿ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು.

ವಾಹನ ಹಲವರ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವ ವ್ಯಕ್ತಿಯೇ ಅಪಘಾತ ಪರಿಹಾರಕ್ಕೆ ಹೊಣೆಗಾರರೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ (2018) ತೀರ್ಪು ನೀಡಿದೆ. ಅಂದರೆ, ಮಾರಿ ವರ್ಷಗಳೇ ಕಳೆದ ವಾಹನಕ್ಕಾಗಿ ಹಿಂದಿನ ಮಾಲೀಕರ ಜಮೀನು ಮತ್ತು ಉಳಿತಾಯಕ್ಕೆ ಕುತ್ತು ಬರಬಹುದು.

5. ಕಡಿಮೆ ಓಡಿಸುವ ವಾಹನದ ನಿರ್ವಹಣೆ

• ಎಂಜಿನ್ ಆಯಿಲನ್ನು ಕಿ.ಮೀ. ಪೂರ್ಣಗೊಳ್ಳದಿದ್ದರೂ ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ ಬದಲಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಅದನ್ನೂ ಅವಧಿಗೆ ಸರಿಯಾಗಿ ಬದಲಿಸಬೇಕು.
• ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನಲ್ಲಿ ಸೇರುವ ನೀರನ್ನು ಹೊರತೆಗೆಯಬೇಕು.
• ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಅನೇಕ ಡೀಸೆಲ್ ವಾಹನಗಳಲ್ಲಿ ಮಸಿ ತಡೆಯುವ ಫಿಲ್ಟರ್ ಇದ್ದು, ಮನೆಯಿಂದ ತೋಟಕ್ಕೆ ಮಾತ್ರ ಓಡಿಸಿದಲ್ಲಿ ಅದು ಕಟ್ಟಿಕೊಳ್ಳುತ್ತದೆ.
• ಗೊಬ್ಬರ ಅಥವಾ ಮೈಲುತುತ್ತ ಸಾಗಿಸಿದ ದಿನವೇ ವಾಹನವನ್ನು ನೀರಿನಿಂದ ತೊಳೆಯಬೇಕು. ಕೊಟ್ಟಿಗೆಯಲ್ಲಿ ನಿಲ್ಲಿಸಿದ ವಾಹನದ ವೈರುಗಳನ್ನು ಇಲಿ ಕಡಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.
• ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಚಲಾಯಿಸಬೇಕು, ನ್ಯೂಟ್ರಲ್‌ನಲ್ಲಿ ಇಳಿಸಬಾರದು.

ವಿಶೇಷ ಸೂಚನೆ

ಕೊನೆ ಕೊಯ್ಲಿನ ಕಾಲದಲ್ಲಿ ಕೆಲಸಗಾರರನ್ನು ಸರಕು ವಾಹನದ ಹಿಂಭಾಗದಲ್ಲಿ ಕರೆದೊಯ್ಯಬಾರದು. ಸಾರ್ವಜನಿಕರು ಬೆಲೆ ನಿಗದಿಪಡಿಸುವ ಮುನ್ನ ನಂಬಿಕೆಯ ಮೆಕ್ಯಾನಿಕ್‌ನಿಂದ ವಾಹನವನ್ನು ಪರೀಕ್ಷಿಸಿ, ವರ್ಗಾವಣೆ ಅರ್ಜಿಗಳಿಗೆ ಸಹಿ ಪಡೆದ ನಂತರವೇ ವಾಹನವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬೇಕೆಂದು ಕೋರಲಾಗಿದೆ.