ಕಿರಿತ್ ಉಂಗೋಲ್ ಮೆಟ್ಟಿಲುಗಳು

ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ (1892–1973) ಕಲ್ಪಿಸಿದ ಮಧ್ಯಭೂಮಿಯಲ್ಲಿ, ಮೊರ್ದೋರ್ ನಾಡಿನ ಪಶ್ಚಿಮದ ಎಲ್ಲೆಯಾದ ಎಫೆಲ್ ದೂಆತ್ ಬೆಟ್ಟಸಾಲನ್ನು ಹತ್ತುವ ಗುಪ್ತ ಸೋಪಾನಮಾರ್ಗ. 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಎರಡನೆಯ ಸಂಪುಟದಲ್ಲಿ (1954) ಇದರ ಹೆಸರಿನದೇ ಒಂದು ಅಧ್ಯಾಯವಿದೆ. ಮೊರ್ದೋರಿನ ಕರಿಬಾಗಿಲಿನ ಮೂಲಕ ನುಸುಳುವುದು ಅಸಾಧ್ಯವೆಂದು ಕಂಡಾಗ ಮಾಯಾ ಉಂಗುರವನ್ನು ನಾಶಮಾಡಲು ಹೊರಟ ಉಂಗುರಧಾರಿ ಫ್ರೋಡೋ ಮತ್ತು ಅವನ ಸೇವಕ ಸ್ಯಾಮ್ ತಮಗೆ ದಾರಿ ತೋರುವ ಗೊಲ್ಲಮ್‌ನ ಮಾತು ನಂಬಿ ಈ ದಾರಿ ಹಿಡಿಯುತ್ತಾರೆ. ಇಲ್ಲಿ ಕೇಡು ಕಾದಿದೆಯೆಂದು ಮೊರ್ದೋರಿನ ವೈರಿ ರಾಜ್ಯವಾದ ಗೊಂಡೋರ್‌ನ ದಳಪತಿ ಫಾರಮೀರ್ ಮೊದಲೇ ಎಚ್ಚರಿಸಿರುತ್ತಾನೆ.

ಮಿನಾಸ್ ಮೊರ್ಗುಲ್ ಕೋಟೆಯ ಸೇತುವೆಯ ಬಳಿ ಹೆದ್ದಾರಿಯನ್ನು ಬಿಟ್ಟು ಒಂದು ಕಾಲುದಾರಿ ಕಣಿವೆಯ ಉತ್ತರದ ಬದಿಗೆ ಏರುತ್ತದೆ. ವಿಷಹೂಗಳ ಬಯಲು ದಾಟುವವರೆಗೆ ಅದು ಮಂಕಾಗಿ ಹೊಳೆಯುತ್ತದೆ, ಆಮೇಲೆ ಬರೀ ಕತ್ತಲು. ಮೊದಲು ಸಿಗುವುದು ನೇರ ಮೆಟ್ಟಿಲು. ಎರಡೂ ಕಡೆ ಕಲ್ಲಿನ ಗೋಡೆ. ಮೆಟ್ಟಿಲುಗಳು ಇಕ್ಕಟ್ಟು, ಒಂದರಿಂದೊಂದಕ್ಕೆ ಅಂತರ ಸಮನಿಲ್ಲ, ಅಂಚುಗಳು ಸವೆದು ನುಣುಪಾಗಿವೆ. ಕೆಲವು ಮುರಿದಿವೆ, ಕೆಲವು ಕಾಲಿಟ್ಟೊಡನೆ ಬಿರಿಯುತ್ತವೆ. ಹತ್ತುವವರು ಕೈಯನ್ನೂ ಊರಿಕೊಂಡೇ ಮುಂದೆ ಸಾಗಬೇಕು. ನಂತರದ್ದು ಸುತ್ತು ಮೆಟ್ಟಿಲು: ಬಂಡೆಯ ಮೈಮೇಲೆ ಅಂಕುಡೊಂಕಾಗಿ ಹರಿದು, ಒಂದೆಡೆ ಪ್ರಪಾತದ ಅಂಚಿಗೇ ಬಂದುಬಿಡುತ್ತದೆ. ಅದರಾಚೆ ಸುರಂಗ, ಅದು ಶೆಲೋಬ್ ಎಂಬ ದೈತ್ಯ ಜೇಡದ ಬೀಡು.

ಈ ದಾರಿ ಗುಪ್ತವಾಗಿದ್ದರೂ ಕ್ಷೇಮದ್ದಲ್ಲ. ಮೊರ್ದೋರಿನ ಒಡೆಯ ಸೌರೋನ್‌ಗೆ ಶೆಲೋಬ್ ಇರುವ ಜಾಗ ಗೊತ್ತು. ಹಸಿದ ಜೇಡಕ್ಕಿಂತ ನಂಬಿಕಸ್ಥ ಕಾವಲು ಬೇರಿಲ್ಲವೆಂದೇ ಅವನು ಅವಳನ್ನು ಅಲ್ಲಿ ಇರಗೊಟ್ಟಿದ್ದಾನೆ. ಕಣಿವೆಯ ತುದಿಯಲ್ಲಿ ಕಾವಲುಗೋಪುರವೂ ಇದೆ. ಮೊರ್ದೋರಿನ ಮೇಲೆ ಕಣ್ಣಿಡಲು ಗೊಂಡೋರ್‌ನವರು ಕಟ್ಟಿದ ಆ ಗೋಪುರ ಕಥೆಯ ಕಾಲಕ್ಕೆ ಸೌರೋನ್‌ನ ಸೈನಿಕರಾದ ಓರ್ಕ್‌ಗಳ ವಶದಲ್ಲಿದೆ.

ಇಡೀ ಕೃತಿಯಲ್ಲಿ ಈ ಮೆಟ್ಟಿಲುಗಳಿಗೆ ಇರುವ ತೂಕ ಬರುವುದು ಭೂಗೋಳದಿಂದಲ್ಲ, ತುದಿ ತಲುಪಿದ ಮೇಲೆ ಬಂಡೆಗಳ ಸಂದಿಯಲ್ಲಿ ನಡೆಯುವ ಒಂದು ಚಿಕ್ಕ ಘಟನೆಯಿಂದ. ಫ್ರೋಡೋ ಮತ್ತು ಸ್ಯಾಮ್ ದಣಿದು ನಿದ್ದೆಹೋಗಿದ್ದಾರೆ. ಅವರನ್ನು ಶೆಲೋಬ್‌ಗೆ ಬಲಿಕೊಡಲು ಸಂಚು ಹೂಡಿ ಹಿಂತಿರುಗಿದ ಗೊಲ್ಲಮ್ ಆ ದೃಶ್ಯ ನೋಡಿ ಕರಗುತ್ತಾನೆ. ನಡುಗುವ ಕೈಯಿಂದ ಫ್ರೋಡೋನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಅಷ್ಟರಲ್ಲಿ ಎಚ್ಚತ್ತ ಸ್ಯಾಮ್ ಒರಟಾಗಿ ಗದರುತ್ತಾನೆ. ಗೊಲ್ಲಮ್‌ನ ಪಶ್ಚಾತ್ತಾಪ ಅಲ್ಲಿಗೇ ಕಮರುತ್ತದೆ. ಸ್ಯಾಮ್‌ನದು ದುಷ್ಟತನವಲ್ಲ, ಯಜಮಾನನ ಮೇಲಿನ ಅಕ್ಕರೆ. ಆದ್ದರಿಂದಲೇ ಈ ಪ್ರಸಂಗ ಇಷ್ಟು ನೋಯಿಸುತ್ತದೆ. 1963ರ ಪತ್ರವೊಂದರ ಕರಡಿನಲ್ಲಿ ಟೋಲ್ಕಿನ್, ತಮ್ಮ ಮಟ್ಟಿಗೆ ಕಥೆಯ ಅತ್ಯಂತ ದುರಂತದ ಗಳಿಗೆ ಬಹುಶಃ ಇದೇ ಎಂದು ಬರೆದಿದ್ದಾರೆ. ಕೃತಿಯ ಅನುಬಂಧದ ಕಾಲಗಣನೆಯಂತೆ ಇದು ಮೂರನೆಯ ಯುಗದ 3019ರ ಮಾರ್ಚ್ 11ರಂದು ನಡೆದದ್ದು; ಮರುದಿನವೇ ಅವರು ಸುರಂಗ ಹೊಗುತ್ತಾರೆ.

ಟೋಲ್ಕಿನ್ ಈ ಭಾಗವನ್ನು ಬರೆದದ್ದು 1944ರಲ್ಲಿ. ಆಗ ದಕ್ಷಿಣ ಆಫ್ರಿಕಾದಲ್ಲಿ ವಾಯುಪಡೆಯ ತರಬೇತಿಯಲ್ಲಿದ್ದ ಮಗ ಕ್ರಿಸ್ಟೋಫರ್‌ಗೆ ಅಧ್ಯಾಯಗಳನ್ನು ಕಳಿಸುತ್ತಿದ್ದರು. ಇದರ ಕರಡುಗಳನ್ನು ಮುಂದೆ ಕ್ರಿಸ್ಟೋಫರ್ ಅವರೇ ಸಂಪಾದಿಸಿ 1990ರಲ್ಲಿ ಪ್ರಕಟಿಸಿದರು.

ಪೀಟರ್ ಜಾಕ್ಸನ್ ನಿರ್ದೇಶನದ 'ದ ರಿಟರ್ನ್ ಆಫ್ ದ ಕಿಂಗ್' (2003) ಚಿತ್ರದಲ್ಲಿ ಈ ಏರು ಮೈ ಜುಮ್ಮೆನ್ನುವಂತೆ ಮೂಡಿದೆ. ಆದರೆ ಗೊಲ್ಲಮ್‌ನ ಪಶ್ಚಾತ್ತಾಪ ಅಲ್ಲಿಲ್ಲ. ಬದಲಿಗೆ ಅವನು ಅವರ ಬುತ್ತಿಯ ರೊಟ್ಟಿಯನ್ನು ಎಸೆದು ಕಳವಿನ ಆರೋಪವನ್ನು ಸ್ಯಾಮ್ ಮೇಲೆ ಹೊರಿಸುತ್ತಾನೆ, ಫ್ರೋಡೋ ಸ್ಯಾಮ್‌ನನ್ನು ಮನೆಗೆ ಅಟ್ಟುತ್ತಾನೆ. ಮೂಲದಲ್ಲಿ ಗೆಳೆಯರಿಬ್ಬರೂ ಸುರಂಗವನ್ನು ಹೊಗುವುದು ಜೊತೆಯಾಗಿಯೇ.