ಎರಡು ಹೊತ್ತಿನ ಊಟ

ಧಾರವಾಡದಲ್ಲಿ ನಮ್ಮಜ್ಜಿ ಉಣ್ಣುತ್ತಿದ್ದುದು ದಿನಕ್ಕೆ ಎರಡೇ ಹೊತ್ತು. ದೀಪ ಹಚ್ಚಿ ತಾಸಿನೊಳಗೆ ಅಡಿಗೆಮನೆ ಬಂದ್. ಪುಣೆಗೆ ಬಂದ ನಾನು ಭೋಸರಿಯ ರಾತ್ರಿ ಪಾಳಿಯಲ್ಲಿ ಹನ್ನೆರಡಕ್ಕೆ ಡಬ್ಬಿ ಬಿಚ್ಚುತ್ತಿದ್ದೆ. ನಲವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ. ಪಾಳಿಯೊಂದೇ ಕಾರಣ ಅನ್ನಲಾರೆ.

ಆಮೇಲೆ ಇಲ್ಲಿ ಎಲ್ಲಿ ಹೋದರೂ ‘ದೀಕ್ಷಿತ್ ಡಯಟ್’ ಮಾತು. ಅದರ ಮೂಲ ನಾಗಪುರದ ಡಾ. ಶ್ರೀಕಾಂತ ಜಿಚಕಾರ, ವೈದ್ಯಕೀಯ ಓದಿ ರಾಜಕಾರಣಕ್ಕಿಳಿದವರು, 2004ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ವಿಚಾರವನ್ನು ಡಾ. ಜಗನ್ನಾಥ ದೀಕ್ಷಿತ್ ಊರೂರಿಗೆ ಒಯ್ದರು: ಚೆನ್ನಾಗಿ ಹಸಿದಾಗ ಎರಡೇ ಸಲ ಉಣ್ಣಿ, 55 ನಿಮಿಷದೊಳಗೆ ಮುಗಿಸಿ. ತಿಂದಾಗಲೆಲ್ಲ ಇನ್ಸುಲಿನ್ ಏರುತ್ತದೆ, ಆ ಸರದಿ ಕಡಿಮೆಯಾಗಲಿ ಎಂಬುದು ವಾದ. ಎರಡು ತಾಸಿಗೊಮ್ಮೆ ತಿನ್ನಿ ಎಂದ ಋಜುತಾ ದಿವೇಕರ್ ಸಲಹೆ ಇದಕ್ಕೆ ತದ್ವಿರುದ್ಧ. ನಮ್ಮ ಪಕ್ಕದ ಮನೆಯಲ್ಲಿ ಅತ್ತೆ ಒಂದು ಪಕ್ಷ, ಸೊಸೆ ಇನ್ನೊಂದು!

ನನಗೆ ಗಡಿಯಾರವೇ ಮುಖ್ಯ ಅನಿಸ್ತು. ರಾತ್ರಿ ಮೆಲಟೋನಿನ್ ಏರಿದಾಗ ಇನ್ಸುಲಿನ್ ಒಸರುವುದು ತಗ್ಗುತ್ತದೆ; ಅದೇ ಊಟ ಹಗಲಿಗಿಂತ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಗುಳಿಗೆ ತಗೊಳ್ಳೋರು ಊಟ ಬಿಟ್ಟರೆ ಸಕ್ಕರೆ ಕುಸಿಯಲೂಬಹುದು, ಹಾಗಾಗಿ ಡಾಕ್ಟರನ್ನು ಕೇಳಿಯೇ ಹೊತ್ತು ಬದಲಿಸಿದೆ. ಈಗ ಹಗಲು ಪಾಳಿ, ಸಂಜೆ ಏಳಕ್ಕೆ ರೊಟ್ಟಿ. ಮಗ ಮಾತ್ರ ಹತ್ತೂವರೆಗೆ ಬೈಕಿನ ಕೀಲಿ ಹುಡುಕುತ್ತಾನೆ, ವಡಾಪಾವ್ ತಿನ್ನಲು.